ಬರೀ ಸೌಟು

ರಾಜ್ಯೋತ್ಸವಕ್ಕೆ ಮಾರೇನಹಳ್ಳಿಯ ನಮ್ಮ ಪಾರ್ಕಿನಲ್ಲಿ ಹಳೆಯ ಬರಗಾಲದ ಗಂಜಿ ಕೇಂದ್ರವನ್ನು ಅಭಿನಯಿಸಿದೆವು. ಕೋಟು, ಪೇಟ ಒಪ್ಪುತ್ತವೆಂದು ನಾನು ಗಂಜಿ ಹಂಚುವ ಅಮಲ್ದಾರನಾದೆ.

"ಕೈ ಚಾಚಿದವ್ರ ಮುಂದೆ ಬರೀ ಸೌಟು ಆಡಿಸ್ಬಾರ್ದಪ್ಪ. ಕೊಪ್ಪರಿಗೆಗೆ ಒಂದಿಷ್ಟು ಗಂಜಿ ಹಾಕ್ಸು," ಎಂದರು ಮಠದ ದಾಸೋಹದಲ್ಲಿ ಬಡಿಸುವ ಎದುರುಮನೆಯ ಶಿವಕ್ಕ. ಕೋಟಿಗೆ ಕಲೆಯಾದೀತೆಂದು ನಾನು ಒಪ್ಪಲಿಲ್ಲ.

ಸಾಲಿನಲ್ಲಿ ನಿಂತವರೆಲ್ಲ ನಮ್ಮ ಬಡಾವಣೆಯವರೇ, ಒಬ್ಬಳನ್ನು ಬಿಟ್ಟು. ಅವಳು ಹತ್ತಿರ ಬಂದಾಗಲೆಲ್ಲ ಆ ಬಿಸಿಲಿನಲ್ಲೂ ನನ್ನ ಕೈಯ ಸೌಟು ತಣ್ಣಗಾಗುತ್ತಿತ್ತು. ಮೂರನೆಯ ಸಲ ಬಂದಾಗ, "ಎಷ್ಟು ಸಲ ತಿಂತೀಯಮ್ಮ?" ಎಂದು ಗದರಿಸಿದೆ. ಜನ ನಕ್ಕು ಚಪ್ಪಾಳೆ ತಟ್ಟಿದರು. ನಾನು ಹಿಗ್ಗಿದೆ.

ಸಂಜೆ ಕೊಪ್ಪರಿಗೆ ವಾಪಸ್ ಕೊಟ್ಟಾಗ ಶಾಮಿಯಾನ ಅಂಗಡಿಯವನು ಒಳಗೆ ಬಗ್ಗಿ ನೋಡಿದ. "ಏನ್ ಸಾರ್, ತಳ ಎಲ್ಲಾ ಉಗುರಲ್ಲಿ ಕೆರೆದಿದಾರಲ್ಲ?"

ಅದರೊಳಗೆ ನಾನು ಒಂದು ತೊಟ್ಟು ಗಂಜಿಯನ್ನೂ ಹಾಕಿಸಿರಲಿಲ್ಲ.