ಹೇರೋಹಳ್ಳಿಯ ಸಮಾಧಿ ಪ್ರಕರಣ

೧೯೭೪ರ ಆಗಸ್ಟ್ ೧೨, ಸೋಮವಾರ. ರಾಜಾಜಿನಗರದ ಏಕಾಂತಯ್ಯ ಏದುಸಿರು ಬಿಡುತ್ತಾ ಠಾಣೆಗೆ ಬಂದರು. ಶನಿವಾರವಷ್ಟೇ ಅವರ ತಂದೆ ಗುರುಸಿದ್ದಯ್ಯನವರನ್ನು ಹೇರೋಹಳ್ಳಿಯ ಸ್ವಂತ ಜಮೀನಿನಲ್ಲಿ ಮಣ್ಣು ಮಾಡಿದ್ದರು. ಆ ಬೆಳಿಗ್ಗೆ ಮೂರನೇ ದಿನದ ಹಾಲುತುಪ್ಪಕ್ಕೆ ಹೋದಾಗ ಯಾರೋ ಸಮಾಧಿ ಅಗೆದು ಮತ್ತೆ ಮುಚ್ಚಿದ್ದು ಕಂಡಿತ್ತು.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್ಸ್‌ಪೆಕ್ಟರ್ ಕೆಂಚಪ್ಪ ಕೇಳಿದರು.

"ಆ ಊರಿನೋರೇ ಸಾರ್. ಮಾಟಕ್ಕೆ ಅಗೆದಿರ್ತಾರೆ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ತಹಶೀಲ್ದಾರರ ಸಮಕ್ಷಮದಲ್ಲಿ ಮಣ್ಣು ತೆಗೆಸಿ ಪಂಚನಾಮೆ ಮಾಡಿದರು. ದೇಹಕ್ಕೆ ಏನೂ ಆಗಿರಲಿಲ್ಲ. ಕೂರಿಸಿ ಮಣ್ಣು ಮಾಡಿದ್ದ ದೇಹದ ಕತ್ತಿನವರೆಗೆ ಮಾತ್ರ ಅಗೆದಿದ್ದರು. ಮುಖದ ಮಣ್ಣನ್ನು ಒರೆಸಿ, ಹಣೆಗೆ ಹೊಸದಾಗಿ ವಿಭೂತಿ ಹಚ್ಚಿದ್ದರು. ಮಾಟ ಮಾಡುವವರು ಇಷ್ಟು ಅಕ್ಕರೆ ತೋರಿಸುವುದಿಲ್ಲ ಎಂದು ಕೆಂಚಪ್ಪನವರಿಗೆ ಅನಿಸಿತು. ಇದು ಮನೆಯವರದೇ ಕೆಲಸ.

ಪಂಚನಾಮೆ ಮುಗಿಯುವವರೆಗೂ ಏಕಾಂತಯ್ಯನವರ ತಮ್ಮ ಶಿವಬಸಯ್ಯ ಕೈಕಟ್ಟಿ ನಿಂತಿದ್ದ. ಸರ್ಕಾರಿ ಕಚೇರಿಯ ಗುಮಾಸ್ತ. ಹೇಳಿಕೆಗೆ ಸಹಿ ಹಾಕಲು ಪೆನ್ನು ಹಿಡಿದಾಗ ಮುಖ ಕಿವುಚಿದ. ಅಂಗೈ ತುಂಬ ಒಡೆದ ಬೊಕ್ಕೆಗಳು.

ಕೆಂಚಪ್ಪ ಅವನನ್ನು ಜೀಪಿನ ಆಚೆಗೆ ಕರೆದೊಯ್ದರು.

"ಗುದ್ದಲಿ ಹಿಡಿದು ಅಭ್ಯಾಸ ಇಲ್ಲ ಅಲ್ವೇನ್ರೀ?"

ಅವನು ಅಂಗೈ ಮುಚ್ಚಿಕೊಂಡ.

"ನೀವು ಮಣ್ಣು ಮಾಡೋವಾಗ್ಲೇ ಮುಖ ನೋಡಿದೋರು. ಯಾರಿಗೋಸ್ಕರ ಅಗೆದ್ರಿ?"

"ನಮ್ಮಕ್ಕನಿಗೆ ಸಾರ್. ಕಲ್ಯಾಣಮ್ಮ ಅಂತ, ಕೆಂಗೇರೀಲಿದಾಳೆ. ಬೇರೆ ಜಾತಿಯೋರನ್ನ ಮದುವೆಯಾದ್ಲು ಅಂತ ಮನೆಗೆ ಸೇರಿಸ್ತಿರಲಿಲ್ಲ. ಕೊನೆಗಾಲದಲ್ಲಿ ಅಪ್ಪಾಜಿ, 'ಕಲ್ಯಾಣಿ ಬಂದ್ಲಾ' ಅಂತ ಕೇಳಿದ್ರು. ಹೇಳಿ ಕಳಿಸೋದು ಬೇಡ ಅಂದ ನಮ್ಮಣ್ಣ. ನಾನು ಸುಮ್ನಿದ್ಬಿಟ್ಟೆ. ಮಣ್ಣಾದ್ಮೇಲೆ ಹೋಗಿ ಹೇಳಿದೆ. ಮುಖ ನೋಡ್ಲೇಬೇಕು ಅಂತ ಹಟ ಹಿಡಿದ್ಲು. ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ. ಅವಳ ಹೆಸರು ಬರೀಬೇಡಿ ಸಾರ್."

"ಬರೀಲೇಬೇಕು."

ಪೇದೆ ಮರಿಯಪ್ಪ ಕೆಂಗೇರಿಗೆ ಹೋದಾಗ ಕಲ್ಯಾಣಮ್ಮ ಏನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಹೊರಟರಂತೆ. ಠಾಣೆಯಲ್ಲಿ ಕೆಂಚಪ್ಪನವರು ಬಾಯಿ ತೆರೆಯುವ ಮೊದಲೇ, "ಅಗಿ ಅಂದೋಳು ನಾನು. ಅವನನ್ನ ಬಿಟ್ಬಿಡಿ ಸಾರ್" ಎಂದರು.

ಬೆಂಚಿನ ಮೇಲಿದ್ದ ಏಕಾಂತಯ್ಯ ಗೋಡೆಯ ಕಡೆ ಮುಖ ತಿರುಗಿಸಿದರು. "ದೂರು ವಾಪಸ್ ತಗೊಳ್ತೀನಿ ಸಾರ್. ಮರ್ಯಾದಸ್ಥರ ಮನೆ ನಮ್ಮದು."

"ಅದನ್ನ ಕೋರ್ಟಲ್ಲಿ ಹೇಳ್ಕೊಳ್ಳಿ." ಇಬ್ಬರ ದಸ್ತಗಿರಿಯ ಕಾಗದಗಳೂ ಸಿದ್ಧವಾದವು. ಜಾಮೀನು ಸಿಗುವ ಕೇಸು ಎಂದು ಕೆಂಚಪ್ಪ ತಿಳಿಸಿದರು.

ಕಲ್ಯಾಣಮ್ಮನಿಗೆ ಅದು ಕೇಳಿಸಿದಂತಿರಲಿಲ್ಲ. ಅವರು ಅಣ್ಣನ ಎದುರಿಗೆ ಹೋಗಿ ನಿಂತರು.

"ಅಪ್ಪಾಜಿ ನನ್ನ ಕೇಳಿದ್ರಂತೆ. ಇವನು ನನ್ನ ಸಮಾಧಾನಕ್ಕೆ ಹೇಳ್ತಿದಾನೋ, ನಿಜವೋ? ನೀನು ಹೇಳಣ್ಣಾ."

ಏಕಾಂತಯ್ಯ ಇನ್ಸ್‌ಪೆಕ್ಟರರನ್ನು ನೋಡಿದರು. "ಇದೂ ಕೇಸಿಗೆ ಬರುತ್ತಾ ಸಾರ್?"

ಬರುವುದಿಲ್ಲವೆಂದು ಕೆಂಚಪ್ಪನವರಿಗೆ ಗೊತ್ತಿತ್ತು. "ಬರುತ್ತೆ. ಹೇಳಿ," ಎಂದರು.

ಏಕಾಂತಯ್ಯ ತಂಗಿಯ ಕಡೆ ತಿರುಗಿದರು. "ಕೇಳಿದ್ರು. ಉಸಿರು ನಿಲ್ಲೋವರೆಗೂ ಕೇಳ್ತಾನೇ ಇದ್ರು."

ಕಲ್ಯಾಣಮ್ಮ ನಿಂತಲ್ಲೇ ನೆಲದ ಮೇಲೆ ಕುಸಿದು ಕುಳಿತರು. ಶಿವಬಸಯ್ಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅಕ್ಕನ ಭುಜ ಹಿಡಿದುಕೊಂಡ. ಏಕಾಂತಯ್ಯ ಏಳಲು ಹೋದರು, ಏಳಲಾಗಲಿಲ್ಲ. ಅವರು ತಂಗಿಗೆ ಹೇಳಿದ ಆ ಕೊನೆಯ ಮಾತನ್ನು ಕೆಂಚಪ್ಪ ಬರೆದುಕೊಳ್ಳಲಿಲ್ಲ.