ಕಂಬಳಿಯೊಳಗಿನ ಹಸಿರು ಗೆರೆ

ಎಂಬತ್ಮೂರನೇ ಇಸವಿ, ಆಯುಧಪೂಜೆಯ ಮರುದಿನ. ತಿಂಡಿಯ ಡಬ್ಬಿ ಹಿಡಿದು ಲಿಂಗನಮಕ್ಕಿ ಹಿನ್ನೀರಿನ ದಡಕ್ಕೆ ಬಂದ ಶರಾವತಿ ಅಲ್ಲೇ ನಿಂತುಬಿಟ್ಟಳು.

ದಡಕ್ಕೆಳೆದ ಲಾಂಚಿನ ಹಿಂದೆ ಅಪರಿಚಿತನೊಬ್ಬ ಕೂತಿದ್ದ. ಅವಳೇ ಬಳಿದ ಹಬ್ಬದ ಕೆಂಪು ಬಣ್ಣವನ್ನು ಚುಕ್ಕಾಣಿಯ ಕಂಬಿಯಿಂದ ಪೂರ್ತಿ ಕೆರೆದು ಹಾಕಿದ್ದ. ಕುಂಕುಮವನ್ನೂ ಬಿಟ್ಟಿರಲಿಲ್ಲ. ಈಗ ಬರಿಗಬ್ಬಿಣಕ್ಕೆ ಎಂಥದೋ ಎಣ್ಣೆ ಬಳಿದು ಒರೆಸುತ್ತಿದ್ದ.

"ಯಾರ್ರೀ ನೀವು? ಪೂಜೆ ಮಾಡಿದ್ದನ್ನ ಕೆರೆಯೋಕೆ ಎಂತ ಧೈರ್ಯ?" ಎಂದವಳೇ ಅವನ ಕೈಯಲ್ಲಿದ್ದ ಬಟ್ಟೆ ಕಿತ್ತುಕೊಂಡಳು.

"ಚಂದ್ರಯ್ಯ ಅಂತ. ತೀರ್ಥಹಳ್ಳಿ ಕಡೆಯವ. ಲಾಂಚಿನ ಪರೀಕ್ಷೆಗೆ ಬಂದಿದೀನಿ," ಎಂದ ಅವನು, ತಲೆಯನ್ನೂ ಎತ್ತದೆ. "ಇದು ಇವತ್ತಿಂದ ಓಡೋದು ಅನುಮಾನ."

ಪಕ್ಕದಲ್ಲೇ ಅವಳ ಅಪ್ಪ ದುಗ್ಗಪ್ಪ ಬೀಡಿಯನ್ನೂ ಹಚ್ಚದೆ ಕೂತಿದ್ದ. ಹಿನ್ನೀರು ಬಂದಾಗಿನಿಂದ ಈ ಲಾಂಚು ಓಡಿಸಿದವನು. ಅದು ನಿಂತರೆ ಅವನ ಬದುಕೂ ನಿಂತ ಹಾಗೆಯೇ. ಶರಾವತಿಗೆ ಅಳುವೂ ಬಂತು, ಸಿಟ್ಟೂ ಬಂತು.

"ಅಪ್ಪಯ್ಯನ ಕೆಲಸ ಕಳೆಯೋಕೇ ಬಂದಿದ್ದಾ?"

ಅವನು ಶೆಡ್ಡಿನಿಂದ ವೈರೆಳೆದು ನೇರಳೆ ಗಾಜಿನ ದೀಪ ಹಚ್ಚಿದ. ಕತ್ತಲೆ ಬೇಕೆಂದು ಕಂಬಿಯೂ ಒಳಗೆ ಬರುವಂತೆ ಕಂಬಳಿ ಹೊದ್ದುಕೊಂಡ.

"ಒಳಗೆ ಬಂದು ನೀವೇ ನೋಡಿ."

ಹಾಡಹಗಲು, ಒಂದೇ ಕಂಬಳಿ, ಗೊತ್ತಿಲ್ಲದ ಗಂಡಸು! ಲಾಂಚಿಗೆ ಕಾದಿದ್ದ ಕೆರಿಯಮ್ಮ ಬೇಕೆಂದೇ ಕೆಮ್ಮಿದಳು. ಕೆಮ್ಮಲಿ ಎಂದು ಶರಾವತಿ ನುಗ್ಗಿಯೇಬಿಟ್ಟಳು.

ಕಂಬಿಯ ಬುಡದ ಸುತ್ತ ಹಸಿರು ಗೆರೆಯೊಂದು ಹೊಳೆಯುತ್ತಿತ್ತು.

"ಬಣ್ಣದ ಅಡಿಯಲ್ಲಿ ತುಕ್ಕು ತಿಂದು ಬಿರುಕು ಬಿಟ್ಟಿದೆ. ಅದರೊಳಗೆ ಇಳಿದ ಎಣ್ಣೆ ಈ ದೀಪಕ್ಕೆ ಹೀಗೆ ಹೊಳೆಯೋದು. ನಡುನೀರಲ್ಲಿ ಮುರಿದಿದ್ರೆ..."

ವರ್ಷ ವರ್ಷವೂ ಆ ತುಕ್ಕಿನ ಮೇಲೆ ಬಣ್ಣ ಬಳಿದದ್ದು ತಾನೇ. ಅಪ್ಪ ಊರವರನ್ನೆಲ್ಲ ದಾಟಿಸಿದ್ದು ಅದೇ ಕಂಬಿಯನ್ನು ನಂಬಿ. ಆ ಗಾಬರಿಯಲ್ಲಿ ಏನು ಹಿಡಿದುಕೊಂಡಳೆಂದು ಅವಳಿಗೇ ತಿಳಿಯಲಿಲ್ಲ.

ದೀಪಾವಳಿ ಕಳೆದ ಮೇಲೆ ಹೊಸ ಕಂಬಿ ಬಂತು. ಅದನ್ನು ನೋಡಲು ಚಂದ್ರಯ್ಯನೂ ಬಂದ. ಈ ಸಲ ಕಂಬಳಿ ತಂದುಕೊಟ್ಟವನು ದುಗ್ಗಪ್ಪನೇ.

"ಹೋಗೇ, ನೀನೂ ನೋಡು. ಬಣ್ಣ ಬಳಿಯೋಳು ನೀನೇ ಅಲ್ವಾ," ಎಂದ ಮಗಳಿಗೆ.

ಕಂಬಳಿಯೊಳಗೆ ದೀಪ ಹತ್ತಿತು. ಕಂಬಿಯ ಮೇಲೆ ಗೆರೆಯಿರಲಿಲ್ಲ.

"ಎಲ್ಲೂ ಇಲ್ವಾ?"

"ಇಲ್ಲಿದೆ." ಅವನು ದೀಪವನ್ನು ತನ್ನ ತೋಳಿಗೆ ತಿರುಗಿಸಿದ.

ಅಂಗಿಯ ಮೇಲೆ ಬೆರಳುಗಳ ಗುರುತು ಹಸಿರಾಗಿ ಹೊಳೆಯಿತು. ಅಂದು ಎಣ್ಣೆಬಟ್ಟೆ ಕಿತ್ತುಕೊಂಡ ಕೈಯಲ್ಲಿ ಅವಳು ಹಿಡಿದದ್ದು ಆ ತೋಳನ್ನೇ.

"ಅಂಗಿ ತೊಳೀಲೇ ಇಲ್ವಾ?"

"ಮನಸ್ಸು ಬರಲಿಲ್ಲ."

"ಕೊಳಕು..." ಎಂದಳು. "ಮತ್ತೆ, ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಬರೋಕೆ ನೆಪ ಇರಲಿಲ್ಲ."

ಶರಾವತಿ ತನ್ನ ಬೆರಳುಗಳನ್ನು ಆ ಗುರುತಿನ ಮೇಲೇ ಇಟ್ಟಳು. "ಇನ್ನು ನೆಪ ಬೇಡ. ಅಪ್ಪಯ್ಯನ ಹತ್ರ ಇವತ್ತೇ ಕೇಳಿ."

ಹೊರಗೆ ಕೆರಿಯಮ್ಮ ಮತ್ತೆ ಕೆಮ್ಮಿದಳು.

"ಹೊರಗೆ ಹೋಗಾಣ್ವಾ?" ಎಂದ ಚಂದ್ರಯ್ಯ.

"ಕೆಮ್ಮಲಿ ಬಿಡಿ."