ನೀಲಿ ಟೇಪಿನ ಕೊಳವೆ

ಮೊದಲ ಭೇಟಿಯಲ್ಲೇ ಅವರಿಬ್ಬರೂ ಜಗಳವಾಡಿದರು.

ಅಪಾಯಕಾರಿ ತ್ಯಾಜ್ಯ ವಿಲೇವಾರಿ ಘಟಕದ ಗೇಟಿನೊಳಗೆ ಅವನ ಲಾರಿ ನಿಂತಿತ್ತು. ಲಾರಿ ತುಂಬ ಡ್ರಮ್ಮುಗಳು. ಕಾರ್ಖಾನೆಯೊಂದರ ಯಂತ್ರ ತೊಳೆದ ನೀರು ಎಂದು ಚೀಟಿ ಅಂಟಿಸಿತ್ತು. ಘಟಕದ ಕೆಮಿಸ್ಟ್ ಒಂದೊಂದೇ ಮುಚ್ಚಳ ತೆಗೆಸಿ, ಉದ್ದನೆಯ ಗಾಜಿನ ಕೊಳವೆಯನ್ನು ತಳದವರೆಗೆ ಇಳಿಸಿ, ಮೇಲಿನ ತುದಿಯನ್ನು ಹೆಬ್ಬೆರಳಿನಿಂದ ಮುಚ್ಚಿ ಎತ್ತುತ್ತಿದ್ದಳು. ಡ್ರಮ್ಮಿನೊಳಗಿನ ಪದರಗಳೆಲ್ಲ ಕೊಳವೆಯಲ್ಲಿ ಹಾಗೇ ನಿಂತು ಕಾಣುತ್ತವೆ.

"ಒಂದು ನೋಡಿದ್ರೆ ಸಾಲದಾ ಮೇಡಂ? ಎಲ್ಲಾ ಒಂದೇ ತಾಯಿ ಮಕ್ಕಳು."

"ಒಂದೇ ತಾಯಿ ಮಕ್ಕಳು ಒಂದೇ ಥರ ಇರ್ತಾರಾ? ನಮ್ಮಕ್ಕನ್ನ ನೋಡಿಲ್ಲ ನೀವು."

ಅವನು ನಕ್ಕ. ಅವಳ ಬಾಯಿ ಮಾಸ್ಕಿನೊಳಗಿತ್ತು. ಆದರೆ ಕನ್ನಡಕದ ಹಿಂದೆ ಕಣ್ಣಂಚು ಮಡಚಿದ್ದು ಅವನಿಗೆ ಕಂಡಿತು.

ಬೇರೆ ಡ್ರೈವರುಗಳು ಪರೀಕ್ಷೆ ಮುಗಿಯುವವರೆಗೆ ಹಾರ್ನ್ ಹೊಡೆಯುತ್ತಿದ್ದರು. ಇವನು ಮಾತ್ರ ಕಾಯುವುದೇ ಕೆಲಸ ಎಂಬಂತೆ ಕಾಯುತ್ತಿದ್ದ. ಕೆಲವೊಮ್ಮೆ ಬೆಂಚಿನ ಮೇಲೆ ಅವಳ ಭಾವನ ಪಕ್ಕ ಕೂತು ಟೀ ಕುಡಿಯುತ್ತಿದ್ದ. ಭಾವನದು ಅಲ್ಲೇ ಹಿಂದಿನ ಶೆಡ್ಡಿನಲ್ಲಿ ಕೆಲಸ. ಅವಳು ಪಾಸ್ ಮಾಡಿದ ನೀರನ್ನು ದೊಡ್ಡ ಕೊಪ್ಪರಿಗೆಯಲ್ಲಿ ಕುದಿಸಿ ಇಂಗಿಸುವುದು. ಬರೀ ನೀರು ತಾನೇ ಎಂದು ಅವರಿಗೆ ಗ್ಯಾಸ್ ಮಾಸ್ಕ್ ಕೊಟ್ಟಿರಲಿಲ್ಲ.

"ನಿಮ್ಮ ನಾದಿನಿಗೆ ನಗೋಕೆ ಬರಲ್ವಾ ಅಣ್ಣ?"

"ಬರುತ್ತೆ. ಅದಕ್ಕೂ ಸ್ಯಾಂಪಲ್ ಕೊಡಬೇಕು," ಎನ್ನುತ್ತಿದ್ದರು ಭಾವ.

ಒಂದು ಮಧ್ಯಾಹ್ನ ಅವನು ಲ್ಯಾಬಿನ ಬಾಗಿಲಿಗೊರಗಿ ಕೇಳಿದ: "ಅಷ್ಟು ಹುಡುಕ್ತೀರಲ್ಲ, ಏನನ್ನ?"

ಅವಳು ತಾಮ್ರದ ತಂತಿಯನ್ನು ಗ್ರೀಸ್ ತೆಗೆಯುವ ದ್ರಾವಕದಲ್ಲಿ ಅದ್ದಿ ಬರ್ನರಿಗೆ ಹಿಡಿದಳು. ಉರಿ ಹಸಿರಾಯಿತು, ಎಳೆ ಎಲೆಯ ಹಸಿರು.

"ಇದನ್ನ. ಕ್ಲೋರಿನ್ ಇದ್ರೆ ಹಸಿರು. ಇದು ನೀರಲ್ಲಿ ಸೇರಿ ಕೊಪ್ಪರಿಗೆಗೆ ಹೋದ್ರೆ ಮೊದಲು ಇದೇ ಆವಿಯಾಗುತ್ತೆ. ಪಕ್ಕದಲ್ಲಿ ನಿಂತೋರ ತಲೆಗೆ ಹತ್ತುತ್ತೆ."

"ನಿಮ್ಮ ಕನ್ನಡಕದಲ್ಲೂ ಹಸಿರು." ಅವನು ಹತ್ತಿರ ಬಂದ. "ನೀರಲ್ಲಿ ಸೇರಿದ್ರೆ ಗೊತ್ತಾಗುತ್ತಾ?"

"ಇದು ಭಾರ, ತಳದಲ್ಲಿ ಕೂರುತ್ತೆ. ಅದಕ್ಕೇ ಕೊಳವೆ ತಳ ಮುಟ್ಟಬೇಕು."

ಅವನು ಮುಂದೇನೂ ಕೇಳಲಿಲ್ಲ. ತನ್ನನ್ನೇ ನೋಡುತ್ತ ಮಾತು ಮರೆತಿದ್ದಾನೆ ಅಂದುಕೊಂಡಳು.

ಮುಂದಿನ ಸಲ ಅವಳ ಕೊಳವೆ ಅವನ ಕೈಯಿಂದ ಜಾರಿ ಒಡೆಯಿತು. ಅದರ ಮುಂದಿನ ಸಲ ಅವನು ಹೊಸದು ತಂದ. ಹಳೇ ಪೇಪರಿನಲ್ಲಿ ಸುತ್ತಿದ್ದ ಕೊಳವೆಯ ಮೇಲ್ತುದಿಗೆ ನೀಲಿ ಟೇಪು ಬಿಗಿದಿತ್ತು.

"ಇಲ್ಲಿ ಹಿಡೀರಿ, ಕೈ ಜಾರಲ್ಲ. ಹೂವು ತರೋಕೆ ಧೈರ್ಯ ಬರ್ಲಿಲ್ಲ."

ಹೊಸ ಕೊಳವೆ ಬಂದರೆ ಖಾಲಿ ಡ್ರಮ್ಮಿಗೆ ಇಳಿಸಿ ನೋಡುವುದು ಅವಳ ಕ್ರಮ. ಅಂದು ನೋಡಲಿಲ್ಲ. ಹಳೆಯ ಕೊಳವೆ ತಳ ಮುಟ್ಟಿದಾಗ ಟಣ್ಣೆಂದು ಸಣ್ಣ ಸದ್ದು ಬರುತ್ತಿತ್ತು. ಹೊಸದಕ್ಕೆ ಆ ಸದ್ದು ಇಲ್ಲವೆಂಬುದೂ ಅವಳ ಗಮನಕ್ಕೆ ಬರಲಿಲ್ಲ. ಅವನು ಪಕ್ಕದಲ್ಲಿ ಮಾತಾಡುತ್ತಲೇ ಇದ್ದ.

ಆ ದಿನಗಳಲ್ಲೇ ಅಕ್ಕ ಸಿಡಿಮಿಡಿಗೊಳ್ಳತೊಡಗಿದಳು. "ನಿನ್ನ ಭಾವ ಕುಡಿಯೋಕೆ ಶುರು ಮಾಡಿದ್ದಾರೆ ಕಣೇ. ತೂರಾಡ್ಕೊಂಡು ಬರ್ತಾರೆ."

"ನಿನ್ನಾಣೆ, ಟೀ ಬಿಟ್ಟು ಬೇರೇನೂ ಮುಟ್ಟಿಲ್ಲ," ಎಂದು ಭಾವ ಗೋಡೆ ಹಿಡಿದು ನಿಂತರು.

"ಟೀ ಕುಡಿದು ತೂರಾಡೋ ಗಂಡಸನ್ನ ಇವತ್ತೇ ನೋಡಿದ್ದು!"

ತಂಗಿಯೂ ನಕ್ಕಿದ್ದಳು. ಭಾವ ಕೊಪ್ಪರಿಗೆಯ ಪಕ್ಕ ಕುಸಿದು ಬಿದ್ದದ್ದು ಅದಾದ ವಾರದಲ್ಲಿ.

ಆಸ್ಪತ್ರೆಯ ಕಾರಿಡಾರಿನಲ್ಲಿ ಅಕ್ಕ ಗಂಡನ ಅಂಗಿಯನ್ನು ಅವಳ ಮುಖಕ್ಕೆ ಹಿಡಿದಳು. "ಮೂಸಿ ನೋಡು, ನಾನು ಹೇಳಿದ್ದು ಸುಳ್ಳಾ?"

ಹೆಂಡದ ವಾಸನೆಯಲ್ಲ. ಸಿಹಿ ವಾಸನೆ. ಹಸಿರು ಉರಿಯ ದಿನ ಲ್ಯಾಬಿನ ತುಂಬ ಇದ್ದದ್ದು ಇದೇ.

ಅವಳು ನೇರವಾಗಿ ಘಟಕಕ್ಕೆ ಹೋದಳು. ಖಾಲಿ ಡ್ರಮ್ಮಿಗೆ ನೀಲಿ ಟೇಪಿನವರೆಗೂ ಕೊಳವೆ ಇಳಿಸಿ ಕಿವಿಗೊಟ್ಟಳು. ಸದ್ದಿಲ್ಲ. ಕೊಳವೆ ಒಂದು ಅಂಗೈ ಅಗಲದಷ್ಟು ಗಿಡ್ಡವಿತ್ತು. ಅವನು ತಂದಿದ್ದ ಡ್ರಮ್ಮುಗಳಲ್ಲಿ ಉಳಿದಿದ್ದ ಒಂದಕ್ಕೆ ಬೇರೆ ಕೊಳವೆ ಇಳಿಸಿದಳು. ಮೇಲೆ ನೀರು, ನಡುವೆ ಒಂದು ಗೆರೆ, ಕೆಳಗೆ ಇನ್ನೊಂದು ಪದರ. ತಂತಿ ಕಾಯಿಸಿದಳು. ಹಸಿರು.

ಮಾಲಿನ್ಯ ನಿಯಂತ್ರಣ ಮಂಡಳಿಗೆ ಫೋನ್ ಮಾಡಿ ಕಂಡದ್ದನ್ನು ವಿವರಿಸಿದಳು. ಡ್ರಮ್ಮುಗಳನ್ನು ಪಾಸ್ ಮಾಡಿದ್ದು ತಾನೇ ಎಂಬುದನ್ನೂ ಹೇಳಿದಳು.

ಮುಂದಿನ ಲೋಡ್ ತಂದು ಇಳಿದ ಅವನ ಕೈಗೆ ಅವಳು ನೀಲಿ ಟೇಪಿನ ಕೊಳವೆ ಕೊಟ್ಟಳು. "ನೀನೇ ಇಳಿಸು."

ಅವಳು ಅವನನ್ನು ನೀನು ಎಂದದ್ದು ಅದೇ ಮೊದಲು. ಅವನ ಮುಖ ಅರಳಿತು. ಮರುಗಳಿಗೆ ಕೊಳವೆಯನ್ನು ನೋಡಿ ಬಾಡಿತು.

"ಭಾವ ಆಸ್ಪತ್ರೇಲಿದ್ದಾರೆ," ಎಂದಳು.

ಅವನು ಬೆಂಚಿನ ಮೇಲೆ ಕುಸಿದ. "ಕಾರ್ಖಾನೆ ಮಾಲೀಕರು ಹೇಳಿದ್ರು. ಆ ಹುಡುಗಿ ಹತ್ರ ಚೆನ್ನಾಗಿರು, ತಳ ನೋಡದ ಹಾಗೆ ಮಾಡು, ತಳದಲ್ಲಿರೋದನ್ನ ಬೇರೆಯಾಗಿ ಕಳಿಸಿದ್ರೆ ಸಿಕ್ಕಾಪಟ್ಟೆ ಖರ್ಚು ಅಂತ. ಮೊದಮೊದಲು ಅದಕ್ಕೇ ಮಾತಾಡ್ದೆ. ಆಮೇಲೆ ಹಾಗಿರ್ಲಿಲ್ಲ."

"ಯಾವಾಗಿಂದ ಹಾಗಿರ್ಲಿಲ್ಲ?"

ಅವನು ಬೆಂಚಿನಿಂದ ಎದ್ದು ಅವಳ ಹತ್ತಿರ ಬಂದ.

"ನಾನು ನಿನ್ನನ್ನ ಮದುವೆ ಆಗ್ತೀನಿ ಕಣೆ. ಭಾವನ ಹತ್ರಾನೂ ಕೇಳಿದ್ದೀನಿ, ಹೂಂ ಅಂದಿದ್ದಾರೆ. ಬೇಕಿದ್ರೆ ಕೇಳಿ ನೋಡು."

"ಯಾವಾಗ ಕೇಳಿದ್ದು?"

"ಹೋದ ಸಲ ಬಂದಾಗ. ಡ್ರಮ್ ಇಳಿಸಿದ ಮೇಲೆ."

"ಇಳಿಸಿದ ಮೇಲೆ," ಎಂದಳು ಅವಳು.

ಅವನು ತಲೆ ತಗ್ಗಿಸಿದ. ಗೇಟಿನಲ್ಲಿ ಪೊಲೀಸರ ಜೊತೆ ಮಂಡಳಿಯ ಅಧಿಕಾರಿಗಳಿದ್ದ ಜೀಪು ನಿಂತಿತು. ಓಡಿಹೋಗುವ ಪ್ರಯತ್ನವನ್ನೇನೂ ಅವನು ಮಾಡಲಿಲ್ಲ. ಜೀಪು ಹತ್ತುವಾಗ ಒಮ್ಮೆ ತಿರುಗಿದ. ಅವಳು ಡ್ರಮ್ಮಿನ ಮುಚ್ಚಳ ಬಿಗಿಯುತ್ತಿದ್ದಳು.

ಒಬ್ಬ ಅಧಿಕಾರಿ ಉಳಿದುಕೊಂಡರು. "ಆ ಟೇಪ್ ತೆಗೀರಮ್ಮ, ಎಲ್ಲಿ ಕತ್ತರಿಸಿದ್ದಾನೆ ನೋಡೋಣ."

ಅವಳು ನೀಲಿ ಟೇಪನ್ನು ನಿಧಾನವಾಗಿ ಬಿಡಿಸಿದಳು. ಕತ್ತರಿಸಿದ ಅಂಚು ಸಿಕ್ಕಿತು. ಅವನು ಅದನ್ನು ಕೂತು ಉಜ್ಜಿ ನುಣುಪು ಮಾಡಿದ್ದ, ಬಹಳ ಹೊತ್ತು ಉಜ್ಜಿರಬೇಕು.

ಅಭ್ಯಾಸಬಲದಿಂದ ಅವಳ ಹೆಬ್ಬೆರಳು ಅದರ ಮೇಲೆ ಕೂತಿತು. ಎಲ್ಲೂ ಚುಚ್ಚಲಿಲ್ಲ.